ಭಾನುವಾರದ ಬಾಡೂಟಕ್ಕೆ ರೆಡ್ ವೈನ್: ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಮನೆಯಲ್ಲಿ ಸಾದಾ ಊಟದ ಜೊತೆ ರೆಡ್ ವೈನ್ ಕುಡಿಯೋದು ಹೇಗೆ, ಅದರಲ್ಲೂ ಎರಡು ಮೂರು ತಳಿಯ ದ್ರಾಕ್ಷಿ ಸೇರಿಸಿ ಮಾಡಿದ ಬ್ಲೆಂಡ್ ನಮ್ಮ ಅಡುಗೆಗೆ ಒಗ್ಗುತ್ತದಾ ಅಂತ. ಹೆಚ್ಚಿನವು ಚಿಕ್ಕಬಳ್ಳಾಪುರ, ಕೋಲಾರದ ಕಡೆಯವು, ತುಮಕೂರಿಂದ ಒಂದು. ದ್ರಾಕ್ಷಿ ಬೆಳೆಯುವ ಸೀಮೆ, ಕೇಳೋದು ಸಹಜ. ಕುಡಿಯದವರು ಪುಟ ತಿರುಗಿಸಿ ಮುಂದೆ ಹೋಗಬಹುದು, ನಮಗೇನೂ ಬೇಜಾರಿಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ಕೆಲಸ ಮಾಡುವ ಮಗ ಕ್ಯಾಬರ್ನೆ, ಶಿರಾಜ್ ಅನ್ನೋ ಎರಡು ದ್ರಾಕ್ಷಿ ತಳಿ ಬೆರೆಸಿದ ರೆಡ್ ವೈನ್ ಒಂದು ಬಾಟಲಿ ತಂದುಕೊಟ್ಟ. ಭಾನುವಾರ ನಾಟಿಕೋಳಿ ಸಾರು, ಮುದ್ದೆ ಮಾಡಿದ್ದೆವು. ಜೊತೆಗೆ ಕುಡಿದರೆ ಬಾಯೆಲ್ಲ ಒಗರು, ಗಂಟಲು ಉರಿ. ಸಾರಿನ ರುಚಿಯೂ ಹೋಯಿತು, ವೈನಿನ ರುಚಿಯೂ ಗೊತ್ತಾಗಲಿಲ್ಲ. ಬಾಟಲಿ ಕೆಟ್ಟಿತ್ತಾ, ಇಲ್ಲ ನಮಗೇ ಕುಡಿಯೋಕೆ ಬರಲ್ವಾ?
– ಓದುಗರು, ಚಿಂತಾಮಣಿ

ಉತ್ತರ: ಬಾಟಲಿ ಕೆಟ್ಟಿರಲಿಕ್ಕಿಲ್ಲ. ಸಾರಂತೂ ಚೆನ್ನಾಗೇ ಇದ್ದಿರುತ್ತದೆ. ಎರಡನ್ನೂ ಒಂದೇ ತುತ್ತಿಗೆ ತಂದಿದ್ದೇ ಎಡವಟ್ಟು.

ರೆಡ್ ವೈನಿಗೆ ಬಣ್ಣ ಬರೋದು ದ್ರಾಕ್ಷಿಯ ಸಿಪ್ಪೆಯಿಂದ. ರಸ ಹಿಂಡಿ ಸಿಪ್ಪೆ ಎಸೆಯೋದಿಲ್ಲ, ಸಿಪ್ಪೆ, ಬೀಜ ಎಲ್ಲ ಸೇರಿಸಿಯೇ ಹುದುಗಿಸುತ್ತಾರೆ. ಬಣ್ಣದ ಜೊತೆಗೆ ಟ್ಯಾನಿನ್ ಅನ್ನೋ ಒಗರಿನ ಅಂಶವೂ ಇಳಿಯುತ್ತದೆ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುತ್ತಲ್ಲ, ಹಾಗೆ. ಟ್ಯಾನಿನ್ ಹೋಗಿ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಎಂಜಲಿನ ಜಾರುವ ಗುಣ ಹೋಗುತ್ತದೆ, ಬಾಯಿ ಒಣಗಿದ ಹಾಗಾಗುತ್ತದೆ. ಅದೇ ಬಾಯಲ್ಲಿ ಕೊಬ್ಬಿರುವ ಮಾಂಸದ ತುಂಡಿದ್ದರೆ ಟ್ಯಾನಿನ್ ಅದರ ಕಡೆ ತಿರುಗುತ್ತದೆ, ನಾಲಿಗೆಗೆ ಒಗರು ಕಡಿಮೆ ತಟ್ಟುತ್ತದೆ. ಉಪ್ಪೂ ಅದೇ ಕೆಲಸ ಮಾಡುತ್ತದೆ. ಮಾಂಸದ ಜೊತೆ ರೆಡ್ ವೈನ್ ಅನ್ನೋದು ಬರೀ ಶೋಕಿ ಅಲ್ಲ.

ತಕರಾರು ಇರೋದು ಖಾರದ್ದು. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರದ ತುದಿಯನ್ನೇ ಆಲ್ಕೋಹಾಲ್ ಕೂಡ ಕೆಣಕುತ್ತದೆ. ಗುಂಟೂರು ಮೆಣಸಿನಕಾಯಿ ಹುರಿದು ರುಬ್ಬಿದ ಸಾರಿನ ಮೇಲೆ ಶೇಕಡಾ 13ರ ಆಲ್ಕೋಹಾಲ್ ಬಿದ್ದರೆ ಉರಿ ಇನ್ನೂ ಏರುತ್ತದೆ, ಒಗರೂ ಎದ್ದು ಕಾಣುತ್ತದೆ, ವೈನಿನಲ್ಲಿದ್ದ ಹಣ್ಣಿನ ರುಚಿ ಮಾತ್ರ ಎಲ್ಲೋ ಮುಳುಗಿಹೋಗುತ್ತದೆ. ನಿಮಗೆ ಆಗಿದ್ದು ಇದೇ.

ಇನ್ನೊಂದು ಮಾತು. ಮುದ್ದೆಯನ್ನು ನಾವು ಅಗಿಯೋದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ವೈನ್ ಹಾಗಲ್ಲ, ಅದು ಬಾಯಲ್ಲಿ ಒಂದು ಗಳಿಗೆ ನಿಲ್ಲಬೇಕು. ನುಂಗುವ ಊಟ, ನಿಲ್ಲಿಸುವ ಕುಡಿತ, ಎರಡರ ತಾಳ ಕೂಡೋದಿಲ್ಲ.

ಹಾಗಂತ ಭಾನುವಾರದ ಊಟ ಬದಲಾಯಿಸಬೇಕಿಲ್ಲ, ಸರದಿ ಬದಲಾಯಿಸಿ ಸಾಕು. ನಮ್ಮ ಕಡೆ ಬಾಡೂಟ ಅಂದರೆ ಬರೀ ಸಾರಲ್ಲ, ಅಲ್ವಾ? ಚಾಪ್ಸ್ ಇರುತ್ತೆ, ಕೈಮಾ ಉಂಡೆ ಇರುತ್ತೆ, ಲಿವರ್ ಫ್ರೈ ಇರುತ್ತೆ. ವೈನ್ ಇವುಗಳ ಜೊತೆಗೆ. ಮೊದಲು ತಟ್ಟೆಯಲ್ಲಿ ಈ ಒಣ ಐಟಂ ಇಟ್ಟುಕೊಂಡು, ಈರುಳ್ಳಿ ನಿಂಬೆಹಣ್ಣು ಪಕ್ಕಕ್ಕೆ ಸರಿಸಿ, ಒಂದು ಲೋಟ ವೈನ್ ಹಿಡಿದು ನಿಧಾನಕ್ಕೆ ಮಾತಾಡ್ತಾ ತಿನ್ನಿ. ಅದು ಮುಗಿದ ಮೇಲೆ ಮುದ್ದೆ ಬರಲಿ, ಸಾರು ಬರಲಿ, ಆಗ ನೀರು ಕುಡಿಯಿರಿ. ವೈನ್ ಸಾರಿಗಲ್ಲ, ಸೈಡ್ಸ್‌ಗೆ. ಇದೊಂದು ಹಿಡಿದುಕೊಂಡರೆ ಅರ್ಧ ತಲೆನೋವು ಕಳೆಯಿತು.

ನಿಮ್ಮ ಬಾಟಲಿ ಕ್ಯಾಬರ್ನೆ ಶಿರಾಜ್ ಅಂದಿರಿ. ಅದಕ್ಕೆ ಹೇಳಿ ಮಾಡಿಸಿದ್ದು ಮಟನ್ ಪೆಪ್ಪರ್ ಫ್ರೈ. ಸುಮ್ನೆ ಹೇಳ್ತಿಲ್ಲ, ಕಾರಣ ಇದೆ. ಶಿರಾಜ್ ವೈನಿನಲ್ಲಿ ಕಾಳುಮೆಣಸಿನ ವಾಸನೆ ಬರುತ್ತದೆ. ಆ ವಾಸನೆ ಕೊಡೋದು ರೋಟಂಡೋನ್ ಅನ್ನೋ ವಸ್ತು ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ನಮ್ಮ ಕಾಳುಮೆಣಸಿನ ಘಮದಲ್ಲಿ ಇರೋದೂ ಅದೇ ವಸ್ತು. ಹಾಗಾಗಿ ಕೆಂಪು ಮೆಣಸಿನಕಾಯಿ ಪುಡಿ ತೀರ ಕಡಿಮೆ ಮಾಡಿ. ಕಾಳುಮೆಣಸು ಆಗಷ್ಟೇ ಕುಟ್ಟಿ, ತರಿತರಿಯಾಗಿ, ಬಾಣಲೆ ಇಳಿಸುವ ಮುಂಚೆ ಉದುರಿಸಿ. ಮೊದಲು ಬರೀ ವೈನ್ ಒಂದು ಗುಟುಕು ಕುಡಿಯಿರಿ. ಆಮೇಲೆ ಸ್ವಲ್ಪ ಕೊಬ್ಬು ಅಂಟಿರುವ ತುಂಡು ಅಗಿದು, ನುಂಗಿ, ಮತ್ತೆ ಒಂದು ಗುಟುಕು. ಎರಡನೇ ಗುಟುಕಿಗೆ ಒಗರು ಇಳಿದಿರುತ್ತದೆ, ಮೆಣಸಿನ ಘಮ ಮೂಗಿಗೆ ಹತ್ತುತ್ತದೆ. ಅದು ಗೊತ್ತಾಗದಿದ್ದರೆ ಬರೆದು ತಿಳಿಸಿ.

ಕೊನೆಗೆ ಬಿಸಿ. ರೆಡ್ ವೈನನ್ನು ಫ್ರಿಜ್ಜಿನಲ್ಲಿ ಇಡಬಾರದು, ರೂಮಿನ ತಾಪದಲ್ಲೇ ಕುಡಿಯಬೇಕು ಅನ್ನೋದು ಯೂರೋಪಿನ ತಣ್ಣನೆ ಮನೆಗಳ ಲೆಕ್ಕ. ಅಲ್ಲಿನ ರೂಮು ಅಂದರೆ 16ರಿಂದ 18 ಡಿಗ್ರಿ. ಚಿಂತಾಮಣಿಯಲ್ಲಿ ಏಪ್ರಿಲ್ ಮಧ್ಯಾಹ್ನ ಅಡುಗೆಮನೆ ಎಷ್ಟು ಕಾಯ್ದಿರುತ್ತದೆ ನಿಮಗೇ ಗೊತ್ತು. ಆ ಬಿಸಿಗೆ ವೈನಿನಿಂದ ಆಲ್ಕೋಹಾಲಿನ ಘಾಟು ಮುಂಚೆ ಏಳುತ್ತದೆ, ಗಂಟಲು ಉರಿಯುತ್ತದೆ. ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಾಟಲಿ ಮುಟ್ಟಿದರೆ ತಂಪು ಅನ್ನಿಸಬೇಕು, ಕೈ ಜುಮ್ಮೆನ್ನಬಾರದು. ತೀರ ತಣ್ಣಗಾದರೆ ಒಗರು ಮತ್ತೆ ಜಾಸ್ತಿಯಾಗುತ್ತದೆ.

ಪ್ರಶ್ನೆ: ಒಂದೇ ದ್ರಾಕ್ಷಿಯ ವೈನ್ ಅಸಲಿ, ಎರಡು ಮೂರು ಬೆರೆಸಿದ್ದು ಉಳಿದಿದ್ದನ್ನೆಲ್ಲ ಸುರಿದು ಮಾಡಿದ್ದು ಅಂತ ನನ್ನ ಸ್ನೇಹಿತ ವಾದ ಮಾಡ್ತಾನೆ. ಹೌದಾ?
– ಓದುಗರು, ಗೌರಿಬಿದನೂರು

ಉತ್ತರ: ನಿಮ್ಮ ಸ್ನೇಹಿತರಿಗೆ ಬೋರ್ಡೋ ಕಥೆ ಹೇಳಿ. ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನುಗಳು, ಲಕ್ಷಗಟ್ಟಲೆ ಬೆಲೆಗೆ ಹೋಗುವ ಬಾಟಲಿಗಳೂ ಸೇರಿದಂತೆ, ಹೆಚ್ಚುಕಡಿಮೆ ಎಲ್ಲ ಬ್ಲೆಂಡ್‌ಗಳೇ. ಕ್ಯಾಬರ್ನೆ ಸೋವಿನ್ಯೋನ್ (ಬರೀ ಕ್ಯಾಬರ್ನೆ ಅಂದರೆ ಇದೇ), ಮೆರ್ಲೋ, ಕ್ಯಾಬರ್ನೆ ಫ್ರಾಂಕ್ ಮುಖ್ಯವಾದವು, ಪೆಟಿ ವರ್ಡೋ, ಮಾಲ್ಬೆಕ್ ಒಂದಿಷ್ಟು. ಅಲ್ಲಿ ಮೆರ್ಲೋ ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ತಡ. ಒಂದು ಮಳೆಗೆ ಸಿಕ್ಕಿ ಹಾಳಾದರೆ ಇನ್ನೊಂದು ಕೈ ಹಿಡಿಯುತ್ತದೆ. ಹೊಲದ ಅಂಚಿಗೆ ಅವರೆ, ತೊಗರಿ ಹಾಕುವ ನಮ್ಮ ರಾಗಿ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರುಚಿಯ ಲೆಕ್ಕವೂ ಇದೆ. ಕ್ಯಾಬರ್ನೆ ಬಿಗಿ, ಒಗರು, ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಒಂದು ಎಳೆ ಇರುತ್ತದೆ. ಮೆರ್ಲೋ ಮೆತ್ತಗೆ. ಎರಡೂ ಸೇರಿದರೆ ಒಂದರ ಮೊನೆ ಇನ್ನೊಂದು ಮುರಿಯುತ್ತದೆ.

ಫ್ರಾನ್ಸಿನ ದಕ್ಷಿಣಕ್ಕೆ ಹೋದರೆ ಗ್ರೆನಾಶ್, ಸಿರಾ, ಮೂರ್ವೆದ್ರ ಮೂರನ್ನು ಸೇರಿಸುತ್ತಾರೆ. ಅಂಗಡಿಯಲ್ಲಿ ಬಾಟಲಿ ಮೇಲೆ ಜಿಎಸ್‌ಎಂ ಅಂತ ಕಂಡರೆ ಅದು ಈ ಮೂರರ ಮೊದಲ ಅಕ್ಷರ. ಸಿರಾ ಅಂದರೂ ಶಿರಾಜ್ ಅಂದರೂ ತಳಿ ಒಂದೇ. ಕ್ಯಾಬರ್ನೆಗೆ ಶಿರಾಜ್ ಬೆರೆಸೋದು ಆಸ್ಟ್ರೇಲಿಯಾದವರ ಹಳೇ ರೂಢಿ, ನಮ್ಮಲ್ಲೂ ಅದು ಚೆನ್ನಾಗಿ ಬೇರು ಬಿಟ್ಟಿದೆ.

ಅಷ್ಟಕ್ಕೂ ಲೇಬಲ್ ಮೇಲೆ ಒಂದೇ ಹೆಸರಿದ್ದರೆ ಒಳಗೆ ಒಂದೇ ದ್ರಾಕ್ಷಿ ಅಂತ ಗ್ಯಾರಂಟಿ ಇಲ್ಲ. ಯೂರೋಪಿನ ಒಕ್ಕೂಟದ ನಿಯಮದಲ್ಲಿ ಶೇಕಡಾ 85ರಷ್ಟು ಇದ್ದರೆ ಆ ಒಂದೇ ಹೆಸರು ಹಾಕಬಹುದು, ಅಮೆರಿಕದಲ್ಲಿ 75 ಸಾಕು. ಮನೆ ಊಟಕ್ಕೆ ನನ್ನ ಓಟು ಬ್ಲೆಂಡ್‌ಗೇ. ತಟ್ಟೆಯಲ್ಲಿ ಮೂರು ನಾಲ್ಕು ಬಗೆ ಒಟ್ಟಿಗೆ ಇಟ್ಟುಕೊಂಡು ಉಣ್ಣುವವರು ನಾವು, ಒಂದೇ ಹಟದ ವೈನ್ ಎಲ್ಲದರ ಜೊತೆಗೂ ಏಗೋದಿಲ್ಲ.

ಪ್ರಶ್ನೆ: ನಾವು ಅಪ್ಪನ ಕಾಲದಿಂದ ಬೆಂಗಳೂರು ಬ್ಲೂ ಬೆಳೀತಿದ್ದೀವಿ. ನಮ್ಮ ಹಣ್ಣಲ್ಲಿ ಈ ತರದ ವೈನ್ ಯಾಕೆ ಮಾಡಲ್ಲ? ಮನೆಯಲ್ಲೇ ಸ್ವಲ್ಪ ಮಾಡಿಕೊಂಡರೆ ತಪ್ಪಾ?
– ದ್ರಾಕ್ಷಿ ಬೆಳೆಗಾರರು, ಚಿಕ್ಕಬಳ್ಳಾಪುರ ತಾಲೂಕು

ಉತ್ತರ: ಎರಡನೇದಕ್ಕೆ ಮೊದಲು. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಹಣ್ಣು ನಮ್ಮ ತೋಟದ್ದು ಅಂದರೂ ಅಷ್ಟೇ.

ಇನ್ನು ಬೆಂಗಳೂರು ಬ್ಲೂ. ನಂದಿಬೆಟ್ಟದ ಸುತ್ತಮುತ್ತ, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಈ ಪಟ್ಟಿಯಲ್ಲಿ ನೂರು ವರ್ಷಕ್ಕೂ ಮೇಲಿಂದ ಇರುವ ತಳಿ. 2013ರಲ್ಲಿ ಜಿಐ, ಅಂದರೆ ಇದು ಈ ಸೀಮೆಯದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ರೋಗ ತಡೆಯುತ್ತದೆ, ನಿಮಗೆ ನಾನು ಹೇಳಬೇಕಿಲ್ಲ. ಆದರೆ ಇದರ ವಂಶ ಬೇರೆ. ಕ್ಯಾಬರ್ನೆ, ಶಿರಾಜ್ ಎಲ್ಲ ಯೂರೋಪಿನ ವಿನಿಫೆರಾ ಜಾತಿ. ಬೆಂಗಳೂರು ಬ್ಲೂನಲ್ಲಿ ಅಮೆರಿಕದ ಲಬ್ರುಸ್ಕಾ ಜಾತಿಯ ರಕ್ತ ಇದೆ. ಹಣ್ಣು ಕೈಯಲ್ಲಿ ಹಿಡಿದರೇ ಘಮ್ಮೆನ್ನುವ ಆ ಗಾಢ ವಾಸನೆ ಅದರದ್ದೇ. ಒಂದು ಹಣ್ಣು ಹಿಚುಕಿ ನೋಡಿ, ತಿರುಳು ಗೋಲಿಯ ಹಾಗೆ ಪಿಳಕ್ಕನೆ ಹೊರಗೆ ಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಕ್ಯಾಬರ್ನೆ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ತಿರುಳು ಕಡಿಮೆ, ಕಚ್ಚಿದರೆ ಬೀಜವೇ ಸಿಗುತ್ತದೆ. ತಿನ್ನೋಕೆ ಯಾರೂ ಕೊಳ್ಳಲ್ಲ, ವೈನಿಗೆ ಮಾತ್ರ ಅದೇ ಬೇಕು, ಬಣ್ಣ ಸಿಪ್ಪೆಯಲ್ಲಿ, ಒಗರು ಸಿಪ್ಪೆ ಬೀಜ ಎರಡರಲ್ಲೂ ಇರೋದರಿಂದ.

ಆ ತಳಿಗಳು ನಿಮ್ಮ ಪಕ್ಕದಲ್ಲೇ ಇವೆ. 1988ರಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ವೈನರಿ ಶುರು ಮಾಡಿ ಫ್ರೆಂಚ್ ತಳಿಗಳನ್ನು ಹಾಕಿದರು. ಅವರ ಲಾ ರಿಸರ್ವ್ ಅನ್ನೋದು ಕ್ಯಾಬರ್ನೆ, ಶಿರಾಜ್ ಸೇರಿದ ಬ್ಲೆಂಡ್. ನಮ್ಮ ಈ ಬಯಲು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಆಸುಪಾಸು ಎತ್ತರ. ಹಗಲು ಬಿಸಿಲಿದ್ದರೂ ರಾತ್ರಿ ತಂಪು, ಅದರಿಂದ ಹಣ್ಣಿನ ಹುಳಿ ಪೂರ್ತಿ ಕರಗಿಹೋಗೋದಿಲ್ಲ. ರಾಜ್ಯ ಸರ್ಕಾರವೂ 2007ರಲ್ಲಿ ವೈನ್ ನೀತಿ ತಂದು, ಅದಕ್ಕೊಂದು ಮಂಡಳಿ ಮಾಡಿತು.

ಆದರೂ ಒಂದು ಮಾತು ಹೇಳಬೇಕು. ನಿಮ್ಮ ಬೆಂಗಳೂರು ಬ್ಲೂನಲ್ಲಿ ಸಿಹಿ ವೈನ್ ಮಾಡುತ್ತಾರೆ, ಅಂಗಡಿಯಲ್ಲಿ ಪೋರ್ಟ್ ಅಂತ ಕೇಳಿದರೆ ಕೊಡೋದು ಬಹುಪಾಲು ಅಂಥದ್ದನ್ನೇ. ವೈನ್ ಗೊತ್ತು ಅನ್ನೋ ಜನ ಮೂಗು ಮುರಿಯುತ್ತಾರೆ. ಮುರಿಯಲಿ. ಸಿಹಿ ಖಾರವನ್ನು ಆರಿಸುತ್ತದೆ. ಒಗರೂ ಇದರಲ್ಲಿ ಅಷ್ಟಿರೋದಿಲ್ಲ. ಖಾರದ ಬೋಟಿ ಗೊಜ್ಜು ಬಿಡೋಕಾಗಲ್ಲ, ವೈನೂ ಬೇಕು ಅನ್ನುವವರು ಇದನ್ನು ಚೆನ್ನಾಗಿ ತಣ್ಣಗೆ ಮಾಡಿ ಸಣ್ಣ ಲೋಟದಲ್ಲಿ ಇಟ್ಟುಕೊಂಡರೆ, ದುಬಾರಿ ಕ್ಯಾಬರ್ನೆಗಿಂತ ಎಷ್ಟೋ ಚೆನ್ನಾಗಿ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಸಲಹೆ ಅಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಮಾಂಸ ಮಾಡಲ್ಲ. ಸಸ್ಯಾಹಾರದ ಜೊತೆ ರೆಡ್ ವೈನ್ ಹೋಗುತ್ತಾ? ಮತ್ತೆ ವೈನೇ ಸಸ್ಯಾಹಾರಿ ಅಲ್ಲ ಅಂತಾರಲ್ಲ?
– ಓದುಗರು, ಕೋಲಾರ

ಉತ್ತರ: ಹೋಗುತ್ತೆ, ಕೊಬ್ಬು ಎಲ್ಲಿಂದಾದರೂ ಬರಬೇಕು ಅಷ್ಟೇ. ತೆಂಗಿನಕಾಯಿ, ಕಡ್ಲೆಕಾಯಿ, ಬೆಣ್ಣೆ, ಪನೀರ್ ಯಾವುದಾದರೂ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಹಿತಕಿದ ಬೇಳೆಗೆ ಕಾಯಿ ಜಾಸ್ತಿ, ಖಾರ ಕಡಿಮೆ ಹಾಕಿ, ನೀರು ಇಂಗಿಸಿ ಗಟ್ಟಿ ಪಲ್ಯದ ಹದಕ್ಕೆ ತನ್ನಿ, ಮೆರ್ಲೋ ಇರುವ ಬ್ಲೆಂಡ್ ಜೊತೆ ತಿಂದು ನೋಡಿ. ನನಗಂತೂ ಎಷ್ಟೋ ಮಾಂಸದ ಅಡುಗೆಗಿಂತ ಇದೇ ಹೆಚ್ಚು. ಬೆಣ್ಣೆಯಲ್ಲಿ ಹುರಿದ ಅಣಬೆ, ಎಣ್ಣೆಯಲ್ಲಿ ಬೆಂದ ಬದನೆಕಾಯಿ, ಪಡವಲಕ್ಕೆ ಕಡ್ಲೆಕಾಯಿ ಪುಡಿ ಹಾಕಿದ್ದು, ಇವೆಲ್ಲ ಸರಿ. ಮುಳಬಾಗಿಲು ದೋಸೆ ಗರಿಗರಿಯಾಗಿ ಬೆಣ್ಣೆ ಹಾಕಿಸಿಕೊಂಡು ತಿಂದರೆ ಅದೂ ಸರಿ, ಕೆಂಪು ಚಟ್ನಿ ಮಾತ್ರ ತೆಳ್ಳಗೆ ಸವರಿಸಿ. ಟೊಮೆಟೊ ಗೊಜ್ಜಿಗೆ ಹುಳಿ ಸ್ವಲ್ಪ ಇರುವ ವೈನೇ ಬೇಕು, ಇಲ್ಲದಿದ್ದರೆ ಗೊಜ್ಜಿನ ಮುಂದೆ ವೈನ್ ಸಪ್ಪೆ. ಹುಣಸೆಹಣ್ಣು ಕಿವುಚಿದ ಸಾರಿನ ಜೊತೆ ಯಾವ ರೆಡ್ ವೈನೂ ಬೇಡ.

ಎರಡನೇ ಮಾತು ಪೂರ್ತಿ ಸುಳ್ಳಲ್ಲ. ವೈನ್ ತಿಳಿ ಮಾಡೋಕೆ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್, ಜೆಲಟಿನ್, ಮೀನಿನ ಒಳಗಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆ. ಅದು ಗಸಿಯನ್ನು ಹಿಡಿದು ತಳಕ್ಕಿಳಿಯುತ್ತದೆ, ಆಮೇಲೆ ಸೋಸಿ ತೆಗೆಯುತ್ತಾರೆ. ಬೆಂಟೋನೈಟ್ ಅನ್ನೋ ಜೇಡಿಮಣ್ಣಿನಲ್ಲಿ ತಿಳಿ ಮಾಡುವವರೂ ಇದ್ದಾರೆ, ಏನೂ ಹಾಕದೆ ಬಿಡುವವರೂ ಇದ್ದಾರೆ. ನಿಷ್ಠೆಯಿಂದ ಪಾಲಿಸುವವರು ಲೇಬಲ್ ಮೇಲೆ ವೀಗನ್, ಅಂದರೆ ಪ್ರಾಣಿಮೂಲದ್ದು ಏನೂ ಬಳಸಿಲ್ಲ, ಅಂತ ಬರೆದಿದೆಯಾ ನೋಡಿ, ಇಲ್ಲ ಕಂಪನಿಗೇ ಒಂದು ಮೇಲ್ ಹಾಕಿ.

ಪ್ರಶ್ನೆ: ಗಂಡ ಹೆಂಡತಿ ಇಬ್ಬರೇ, ಒಂದೊಂದು ಲೋಟಕ್ಕಿಂತ ಹೆಚ್ಚು ಆಗಲ್ಲ. ಉಳಿದಿದ್ದು ಎಷ್ಟು ದಿನ ಇಡಬಹುದು?
– ಓದುಗರು, ತುಮಕೂರು

ಉತ್ತರ: ಮೂರು ದಿನ ಆರಾಮಾಗಿ, ಐದಕ್ಕೆ ಎಳೆಯಬಹುದು. ಕೆಡಿಸೋದು ಗಾಳಿ. ಲೋಟಕ್ಕೆ ಬಗ್ಗಿಸಿದ ಕೂಡಲೇ ಮುಚ್ಚಳ ಬಿಗಿ ಮಾಡಿ, ರೆಡ್ ವೈನಾದರೂ ಫ್ರಿಜ್ಜಿಗೇ ಇಡಿ, ನಿಲ್ಲಿಸಿ ಇಡಿ. ಇನ್ನೂ ಒಳ್ಳೆಯದು ಅಂದರೆ ಒಂದು ಚಿಕ್ಕ ಗಾಜಿನ ಬಾಟಲಿ ಚೆನ್ನಾಗಿ ತೊಳೆದು ಒಣಗಿಸಿಟ್ಟುಕೊಂಡು, ಉಳಿದಿದ್ದನ್ನು ಅದರ ಕುತ್ತಿಗೆ ಮಟ್ಟಕ್ಕೆ ತುಂಬಿಸೋದು. ಒಳಗೆ ಗಾಳಿಗೆ ಜಾಗವೇ ಇರೋದಿಲ್ಲ. ಹುಳಿ ವಾಸನೆ ಬಂದರೆ ಮಟನ್ ನೆನೆಹಾಕೋಕೆ ಒಂದೆರಡು ಚಮಚ ಬಳಸಿ, ಮಿಕ್ಕಿದ್ದು ಸಿಂಕಿಗೆ.

ತಿರುಗಿಸುವ ಮುಚ್ಚಳದ ಬಾಟಲಿ ಕೀಳು ಅನ್ನೋ ಅನುಮಾನ ಬೇಡ. ಅಂಗಡಿಯಲ್ಲಿ ಕಿಟಕಿ ಬಿಸಿಲಿಗೆ ನಿಲ್ಲಿಸಿದ್ದ ಬಾಟಲಿ ಮಾತ್ರ ಬೇಡ, ಎಷ್ಟೇ ಡಿಸ್ಕೌಂಟ್ ಕೊಟ್ಟರೂ. ಕೊಂಡ ಮೇಲೆ ಕಾರಿನಲ್ಲಿ ಬಿಟ್ಟು ದೇವರಾಯನದುರ್ಗ ಸುತ್ತೋಕೂ ಹೋಗಬೇಡಿ.

ಪ್ರಶ್ನೆ: ವೈನ್ ಹೃದಯಕ್ಕೆ ಒಳ್ಳೇದು, ವಿಸ್ಕಿ ತರ ಅಲ್ಲ ಅಂತ ನಮ್ಮ ಭಾವ ರಾತ್ರಿ ಎರಡು ದೊಡ್ಡ ಗ್ಲಾಸ್ ಕುಡೀತಾರೆ. ಶುಗರ್ ಮಾತ್ರೆ ಬೇರೆ ತಗೋತಾರೆ.
– ಓದುಗರು, ಶಿಡ್ಲಘಟ್ಟ

ಉತ್ತರ: ಭಾವನಿಗೆ ಲೆಕ್ಕ ತೋರಿಸಿ. ವೈನ್ 150 ಎಂಎಲ್, ಶೇಕಡಾ 13 ಅಂದರೆ ಅದರಲ್ಲಿ ಆಲ್ಕೋಹಾಲ್ 19.5 ಎಂಎಲ್. ವಿಸ್ಕಿ 30 ಎಂಎಲ್ ಪೆಗ್, ಶೇಕಡಾ 42.8 ಅಂದರೆ 12.8 ಎಂಎಲ್. ಒಂದು ಗ್ಲಾಸ್ ವೈನ್ ಒಂದೂವರೆ ಪೆಗ್ಗಿಗೆ ಸಮ ಆಯಿತು. ಎರಡು ದೊಡ್ಡ ಗ್ಲಾಸ್ ಅಂದರೆ ಮೂರು ಪೆಗ್ ದಾಟಿದರು. ಪೂರ್ತಿ 750 ಎಂಎಲ್ ಬಾಟಲಿಯಲ್ಲಿ ಏಳೂವರೆ ಪೆಗ್ ಇದೆ.

ಹೃದಯದ ಮಾತು ಹಳೇ ಸುದ್ದಿ. ಆರೋಗ್ಯಕ್ಕೆ ಏನೂ ಅಪಾಯವಿಲ್ಲ ಅನ್ನುವಂಥ ಕುಡಿತದ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ನೇರವಾಗಿ ಹೇಳಿದೆ. ರುಚಿಗೆ ಕುಡೀತೀನಿ ಅನ್ನಲಿ, ಒಪ್ಪೋಣ. ಔಷಧಿ ಅನ್ನೋದು ಬೇಡ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರಿಗೆ ಕುಡಿದ ರಾತ್ರಿ ಸಕ್ಕರೆ ಏಕಾಏಕಿ ಇಳಿಯುವ ಭಯ ಇದೆ, ಖಾಲಿ ಹೊಟ್ಟೆಯಲ್ಲಂತೂ ಇನ್ನೂ ಜಾಸ್ತಿ. ಡಾಕ್ಟರ ಹತ್ತಿರ ಮುಚ್ಚುಮರೆ ಇಲ್ಲದೆ ಹೇಳಿ ಕೇಳಲಿ. ಕುಡಿದ ಮೇಲೆ ಬೈಕ್ ಕೀ ನಿಮ್ಮ ಅಕ್ಕನ ಕೈಯಲ್ಲಿರಲಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು. ಅದಕ್ಕೆ ಬಾಟಲಿಗಟ್ಟಲೆ ಬೇಕಿಲ್ಲ.

ಪ್ರಶ್ನೆ: ಉದ್ದ ಕಾಲಿನ ಗ್ಲಾಸ್ ನಮ್ಮನೇಲಿ ಇಲ್ಲ. ಸ್ಟೀಲ್ ಲೋಟ ಆಗಲ್ವಾ?
– ಓದುಗರು, ಮುಳಬಾಗಿಲು

ಉತ್ತರ: ಆಗುತ್ತೆ. ವೈನ್ ತಯಾರಾಗೋದೇ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕುಗಳಲ್ಲಿ, ಲೋಟಕ್ಕೆ ಬಂದರೆ ಏನೂ ಆಗೋದಿಲ್ಲ. ಬಣ್ಣ ಕಾಣೋದಿಲ್ಲ ಅನ್ನೋದೊಂದೇ ಕೊರತೆ. ಗಾಜಿನ ಲೋಟ ಇದ್ದರೆ ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದು ಇರೋದನ್ನು ತಗೊಳ್ಳಿ, ವಾಸನೆ ಒಳಗೇ ನಿಲ್ಲುತ್ತದೆ. ಅರ್ಧಕ್ಕಿಂತ ಕಡಿಮೆ ತುಂಬಿಸಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗೆ ಮಾತ್ರ ಹಾಕಬೇಡಿ, ವೈನಿನ ಹುಳಿಗೆ ಲೋಹ ಬಿಡುತ್ತದೆ.

ಪ್ರಶ್ನೆ: ಕೊನೆಗೆ ಮೊಸರನ್ನ, ಉಪ್ಪಿನಕಾಯಿ ಇಲ್ಲದೆ ನಮಗೆ ಊಟ ಮುಗಿದ ಹಾಗೇ ಅಲ್ಲ. ಅದಕ್ಕೆ ಯಾವ ವೈನ್?
– ಓದುಗರು, ಬಾಗೇಪಲ್ಲಿ

ಉತ್ತರ: ಯಾವುದೂ ಬೇಡ. ಆಂಧ್ರದ ಗಡಿಯ ಆವಕಾಯಿ ಮುಂದೆ ಯಾವ ವೈನೂ ನಿಲ್ಲೋದಿಲ್ಲ. ಅಷ್ಟೊತ್ತಿಗೆ ಲೋಟ ತೊಳೆದಿಟ್ಟಿರಿ.